ಪಟ್ಟಿ ಇರ್ಲಿ, ಬಾಗಿಲೂ ಇರ್ಲಿ

ಎಲ್ರಿಗೂ ನಮಸ್ಕಾರ. ಈ ಮಳೇಲೂ ಸಿದ್ದಾಪುರ, ಯಲ್ಲಾಪುರದಿಂದ ಶಿರಸಿ ತನಕ ಬಂದಿದ್ದೀರಿ, ತುಂಬಾ ಖುಷಿ ಆಯ್ತು. ಸರ್ಕಾರಿ ಡಾಕ್ಟ್ರು ಯಾವ ಔಷಧ ಬರೀಬೇಕು ಅಂತ ಸರ್ಕಾರ ಹೇಳ್ಬಹುದಾ ಅನ್ನೋದು ಇವತ್ತಿನ ವಿಷಯ. ನಾನು ಮೊದ್ಲೇ ಹೇಳ್ಬಿಡ್ತೇನೆ, ಹೇಳ್ಬಹುದು, ಹೇಳ್ಲೇಬೇಕು. ಆದ್ರೆ ಸರ್ಕಾರ ಮಾಡೋ ಆ ಔಷಧಗಳ ಪಟ್ಟಿಗೆ ಒಂದು ಬಾಗಿಲು ಇರ್ಬೇಕು.

ಒಬ್ಬ ಅಮ್ಮನ ಕಥೆ ಹೇಳ್ತೇನೆ. ನಾನು ಘಟ್ಟದ ಮೇಲೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ಬಂದವ್ರು, ಎರಡೂ ಕಾಲಿಗೆ ಬಾವು, ಚಪ್ಪಲಿ ಹಿಡಿಸ್ತಿರ್ಲಿಲ್ಲ. ಯಾವ ಮಾತ್ರೆ ತಗೊಳ್ತೀರಿ ಅಮ್ಮಾ ಅಂದೆ, ಕವಳದ ಸಂಚಿ ತೆಗೆದು ಟೇಬಲ್ ಮೇಲೆ ಸುರಿದ್ರು. ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ಅದ್ರ ನಡುವೆ ಕತ್ತರೀಲಿ ಕತ್ತರಿಸಿದ ಮಾತ್ರೆ ಸ್ಟ್ರಿಪ್ಪುಗಳು, ಸುಣ್ಣ ಮೆತ್ತಿದ್ದನ್ನ ಉಗುರಲ್ಲಿ ಕೆರೆದು ಓದ್ಬೇಕಾಯ್ತು. ಒಂದು ಸರ್ಕಾರಿ ಆಸ್ಪತ್ರೇದು, ಒಂದು ಹುಬ್ಬಳ್ಳಿ ಡಾಕ್ಟ್ರದ್ದು, ಇನ್ನೊಂದು ಮಗ ಮಂಗಳೂರಿಗೆ ಕರ್ಕೊಂಡು ಹೋದಾಗಿಂದು. ಮೂರು ಬಣ್ಣ, ಮೂರು ಹೆಸರು, ಒಳಗೆ ಮಾತ್ರ ಮೂರೂ ಒಂದೇ ಬಿಪಿ ಔಷಧ, ಅಮ್ಲೋಡಿಪಿನ್ 5 ಮಿಲಿಗ್ರಾಂ. ದಿನಕ್ಕೆ 15 ಆಯ್ತು, 10ರ ಮೇಲೆ ಕೊಡೋ ಹಾಗೇ ಇಲ್ಲ! ಕಾಲು ಬಾವು ಬರೋದು ಆ ಮಾತ್ರೆದೇ ಗುಣ. ಆ ಬಾವಿಗೆ ಯಾರೋ ಮೂತ್ರ ಹೋಗೋ ಮಾತ್ರೆ ಬೇರೆ ಕೊಟ್ಟಿದ್ರು, ಅದ್ರಿಂದ ರಾತ್ರಿಯೆಲ್ಲ ಎದ್ದು ಎದ್ದು ನಿದ್ದೆ ಇಲ್ಲ, ನಿದ್ದೆಗೆ ಇನ್ನೊಂದು ಮಾತ್ರೆ. ಯಾಕಮ್ಮಾ ಇಷ್ಟು ಅಂದ್ರೆ, "ಎಂತ ಮಾಡವು ತಮಾ, ಎಲ್ಲ ಡಾಕ್ಟ್ರು ಕೊಟ್ಟಿದ್ದೇಯಾ" ಅಂದ್ರು. ತಪ್ಪು ಅವ್ರದ್ದಲ್ಲ. ನಾವು ಔಷಧದ ಹೆಸರು ಬರೀದೆ ಕಂಪನಿ ಹೆಸರು ಬರೀತೇವೆ, ಅದು ತಪ್ಪು.

ಒಳಗಿನ ಔಷಧದ ಹೆಸರಲ್ಲೇ ಬರೀಬೇಕು, ಅದಕ್ಕೊಂದು ಪಟ್ಟಿ ಬೇಕು ಅನ್ನೋದು ಹೊಸ ಯೋಚನೆ ಏನಲ್ಲ. 1975ರಲ್ಲೇ ಔಷಧ ಉದ್ಯಮದ ಬಗ್ಗೆ ನಮ್ಮ ಕೇಂದ್ರ ಸರ್ಕಾರ ನೇಮಿಸಿದ್ದ ಹಾಥಿ ಸಮಿತಿ ಬ್ರ್ಯಾಂಡ್ ಹೆಸರು ಹಂತ ಹಂತವಾಗಿ ತೆಗೀರಿ ಅಂತ ಬರೆದಿತ್ತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಮೊದಲ ಪಟ್ಟಿ ತಂತು. 1982ರಲ್ಲಿ ಬಾಂಗ್ಲಾದೇಶ, ಅಷ್ಟು ಬಡ ದೇಶ, ಕೆಲಸಕ್ಕೆ ಬಾರದ್ದು, ಅಪಾಯದ್ದು ಅಂತ 1,700ಕ್ಕೂ ಹೆಚ್ಚು ಔಷಧ ತೆಗೆದುಹಾಕ್ತು. ಬ್ರಿಟನ್ನಲ್ಲಿ 1985ರ ಏಪ್ರಿಲ್‌ನಲ್ಲಿ ಟಾನಿಕ್ಕು, ಕೆಮ್ಮಿನ ಸಿರಪ್ಪು, ಅಂಥವೆಷ್ಟೋ ಸರ್ಕಾರಿ ಖರ್ಚಲ್ಲಿ ಬರೀಬಾರ್ದು ಅಂದಾಗ ಅಲ್ಲಿನ ಡಾಕ್ಟ್ರುಗಳೂ ಜೋರು ವಿರೋಧ ಮಾಡಿದ್ರು. ನಮ್ಮ ದೇಶದ ಪಟ್ಟಿ 1996ರಲ್ಲಿ ಶುರುವಾಗಿ 2022ಕ್ಕೆ 384 ಔಷಧ ಆಯ್ತು. ನಿಮ್ಮೂರ ಆಸ್ಪತ್ರೆಗೆ ಬರೋ ಕಾಯಿಲೆಗೆ ಅದ್ರಲ್ಲಿ ಹೆಚ್ಚಿನದು ಸಿಗ್ತದೆ, ನಾನು ಇಷ್ಟು ವರ್ಷ ಕೂತು ನೋಡಿ ಹೇಳೋದು.

ಈಗ ಬಾಗಿಲಿನ ಮಾತು. ನಾನು ಕರಾವಳಿ ಕಡೆ ಇದ್ದಾಗ ಬೇಲೇಕೇರಿಯ ಒಬ್ಬ ಮೀನುಗಾರರಿಗೆ ಬಿಪಿಗೆ ಎನಾಲಾಪ್ರಿಲ್ ಕೊಟ್ಟೆ, ಆಗ ನಮ್ಮ ಸ್ಟಾಕಲ್ಲಿ ಇದ್ದಿದ್ದು ಅದು. ಒಣ ಕೆಮ್ಮು ಶುರುವಾಯ್ತು. ಬೋಟಲ್ಲಿ ಜೊತೆಯವ್ರು ಮಲಗೋಕಾಗಲ್ಲ ಅಂತ ದೂರ ಕೂರಿಸಿದ್ರಂತೆ, ಟಿಬಿ ಇರ್ಬೇಕು ಅಂತ ಹೆದರಿಕೆ, ಕಫ ಎರಡು ಸಲ ಪರೀಕ್ಷೆ ಆಯ್ತು. ಟಿಬಿ ಅಲ್ಲ ಮಾರಾಯ್ರೇ, ನಾನು ಕೊಟ್ಟ ಮಾತ್ರೆ! ಅದ್ರ ಬದ್ಲಿಗೆ ಲೊಸಾರ್ಟಾನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಬೇಕಿತ್ತು, ನಮ್ಮಲ್ಲಿ ಇರ್ಲಿಲ್ಲ, ಹೊರಗೆ ಬರ್ಕೊಟ್ಟೆ. ಬಲೆ ಖಾಲಿ ಬಂದ ವಾರ ಅವ್ರು ಮಾತ್ರೆ ಬಿಡ್ತಿದ್ರು. ಇಂಥವ್ರಿಗೆ ಡಾಕ್ಟ್ರು ಕಾರಣ ಬರೆದು ಸಹಿ ಹಾಕಿದ್ರೆ ಪಟ್ಟಿ ಹೊರಗಿನದೂ ಪುಕ್ಕಟೆ ಸಿಗೋ ದಾರಿ ಬೇಕು, ಅದೂ ಆ ವಾರದಲ್ಲೇ, ಆರು ತಿಂಗಳ ಫೈಲಲ್ಲ. ಅದನ್ನೇ ನಾನು ಬಾಗಿಲು ಅನ್ನೋದು. ಕಾರಣ ಬರೀಬೇಕು ಅಂದ್ರೆ ಸುಮ್ನೆ ಬರೆಯೋರು ತಾವಾಗೇ ಕಮ್ಮಿ ಆಗ್ತಾರೆ.

ಮಣಿಪಾಲದಿಂದ ಡಿಸ್ಚಾರ್ಜ್ ಆಗಿ ಬಂದವ್ರ ಕಾಗದ ನಮ್ಮೂರ ಕೌಂಟರಲ್ಲಿ "ಇಲ್ಲ" ಆಗೋ ಕಥೆ ಹೇಳ್ಬೇಕಿತ್ತು. ಆಂಟಿಬಯೋಟಿಕ್ ಬಗ್ಗೆಯಂತೂ ಒಂದು ಗಂಟೆ ಬೇಕು. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಆಯ್ತು ಸಾರ್, ಒಂದೇ ನಿಮಿಷ. ಮಾತ್ರೆ ಚೀಲ ತಂದವ್ರು ಹೋಗ್ಬೇಡಿ. ಚಹಾ ಆದ್ಮೇಲೆ ಹೊರಗಿನ ಜಗಲೀಲಿ ನಾನೂ ಒಬ್ಬ ಫಾರ್ಮಸಿಸ್ಟೂ ಕೂತಿರ್ತೇವೆ, ಪ್ರತಿ ಸ್ಟ್ರಿಪ್ಪಿನ ಒಳಗಿನ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಬರ್ಕೊಡ್ತೇವೆ. ಕತ್ತರಿಸಿದ ತುಂಡಾದ್ರೂ ಅಡ್ಡಿಲ್ಲ, ತನ್ನಿ.