ಸಾಕೆಟ್‌ನಲ್ಲಿ ಕೂರುವ ಬಯೋಸ್ ಚಿಪ್

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ ಬಯೋಸ್. ಅದರ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳದೇ ಹೋಗಬಹುದು. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಪ್ರೊಸೆಸರ್, ರ್‍ಯಾಮ್ ಎಲ್ಲ ಸರಿಯಿದ್ದರೂ ಬಯೋಸ್ ಇರುವ ಎಂಟು ಕಾಲಿನ ಒಂದು ಚಿಪ್‌ನೊಳಗಿನ ಬರಹ ಕೆಟ್ಟಿದ್ದಕ್ಕೆ ಇಡೀ ಮದರ್‌ಬೋರ್ಡ್ ಮೂಲೆ ಸೇರುತ್ತದೆ. ಅದನ್ನು ಕಿತ್ತು ಬೇರೆಯದನ್ನು ಕೂರಿಸುವಂತಿದ್ದರೆ ರಿಪೇರಿ ಸುಲಭ. ಇದನ್ನು ಬೋರ್ಡ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಈ ಚಿಪ್ ಬೇರೆ ಬೇರೆ ಆಕಾರಗಳಲ್ಲಿ ಬರುತ್ತದೆ. ನಿಮಗೆ ಬೇಕಾದದ್ದು ಡಿಪ್-8 ಎಂಬ ಆಕಾರ. ಸಾಕೆಟ್‌ನಲ್ಲಿ ಎತ್ತರವಾಗಿ ಕೂತಿರುತ್ತದೆ, ಕಾಲುಗಳ ನಡುವೆ 2.54 ಮಿಲಿಮೀಟರ್ ಅಂತರ. ಎಸ್‌ಒಐಸಿ-8 ಎಂಬ ಆಕಾರದ್ದು ಬೋರ್ಡಿಗೆ ಬೆಸೆದಿರುತ್ತದೆ, ಅಂತರ ಅದರ ಅರ್ಧ. ಬರೆಯುವ ಸಾಧನದ ಕ್ಲಿಪ್ಪನ್ನು ಅದರ ಕಾಲುಗಳಿಗೆ ಕಚ್ಚಿಸಿ ಬರೆಯಬಹುದು, ಆದರೆ ಕ್ಲಿಪ್‌ನಿಂದ ಹೋಗುವ ಕರೆಂಟ್ ಬೋರ್ಡಿನ ಇತರ ಭಾಗಗಳಿಗೂ ಹರಿದು ಓದಿದ್ದೆಲ್ಲ ತಪ್ಪಾಗುವುದುಂಟು. ಡಬ್ಲ್ಯುಎಸ್‌ಒಎನ್ ಎಂಬ ಆಕಾರಕ್ಕೆ ಹೊರಚಾಚಿದ ಕಾಲೇ ಇಲ್ಲ, ಕ್ಲಿಪ್ ಹಿಡಿಯುವುದಿಲ್ಲ. ಬೋರ್ಡಿನ ಫೋಟೋ ದೊಡ್ಡದು ಮಾಡಿ ನೋಡಿ. ಒಂದೇ ಮಾದರಿಯ ಬೇರೆ ರಿವಿಷನ್‌ನಲ್ಲಿ ಚಿಪ್ ಬದಲಾಗಿರಬಹುದು. ಈಗಿನ ಬಹುತೇಕ ಬೋರ್ಡ್‌ಗಳಲ್ಲಿ ಚಿಪ್ ಬೆಸೆದೇ ಬರುತ್ತದೆ. ಸಾಕೆಟ್ ಸಿಗದಿದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವುದನ್ನಾದರೂ ಆರಿಸಿ. ಚಿಪ್ಪೇ ಸತ್ತರೆ ಮಾತ್ರ ಆ ಗುಂಡಿಯಿಂದ ಪ್ರಯೋಜನವಿಲ್ಲ.

ಬದಲಿ ಚಿಪ್ ತರುವಾಗ ಮೇಲಿನ ಅಕ್ಷರಗಳನ್ನು ಪೂರ್ತಿ ಓದಿ. 25ಕ್ಯೂ128 ಎಂದರೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್. ಅದರ ಮುಂದಿನ ಅಕ್ಷರವೂ ಮುಖ್ಯ: ವಿನ್‌ಬಾಂಡ್ ಕಂಪನಿಯ ಚಿಪ್‌ನಲ್ಲಿ ಎಫ್‌ವಿ ಎಂದಿದ್ದರೆ 3.3 ವೋಲ್ಟ್, ಎಫ್‌ಡಬ್ಲ್ಯು ಎಂದಿದ್ದರೆ 1.8 ವೋಲ್ಟ್. 1.8ರ ಚಿಪ್ಪಿಗೆ 3.3 ಕೊಟ್ಟರೆ ಸುಟ್ಟೀತು.

ತೆಗೆಯುವ ಮೊದಲು ಪವರ್ ಕೇಬಲ್ ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಮೈಯ ಸ್ಥಿರವಿದ್ಯುತ್ ಹೋಗಲು ಲೋಹದ ಕೇಸ್ ಮುಟ್ಟಿ. ಚಿಪ್ಪನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಒಂದೇ ಕಡೆ ಎತ್ತಿದರೆ ಕಾಲು ಬಗ್ಗುತ್ತದೆ. ಚುಕ್ಕೆಯಿರುವ ಮೂಲೆ ಒಂದನೇ ಕಾಲು, ಸಾಕೆಟ್‌ನ ಗುರುತಿಗೆ ಅದು ಸೇರಬೇಕು. ತಿರುಗಿಸಿ ಹಾಕಿದರೆ ಗ್ರೌಂಡ್ ಕಾಲಾದ ನಾಲ್ಕು, ವಿದ್ಯುತ್ತಿನ ಕಾಲಾದ ಎಂಟು ಅದಲುಬದಲಾಗುತ್ತವೆ. ಹಾಗೆ ಕರೆಂಟ್ ಕೊಟ್ಟರೆ ಚಿಪ್ ಕ್ಷಣದಲ್ಲಿ ಬಿಸಿಯೇರಿ ಹೋಗುತ್ತದೆ.

ಬರೆಯಲು ಸಿಎಚ್341ಎ ಪ್ರೋಗ್ರಾಮರ್ ಎಂಬ ಸಾಧನ, ಫ್ಲ್ಯಾಶ್‌ರಾಮ್ (flashrom) ತಂತ್ರಾಂಶ ಸಾಕು. ಹಳೆಯ ಚಿಪ್ಪನ್ನು ಎರಡು ಸಲ ಓದಿ ಎರಡೂ ಕಡತ ಒಂದೇ ಇವೆಯೇ ಎಂದು ಹೋಲಿಸಿ. ಹೊಸ ಕಡತದ ಗಾತ್ರ ಚಿಪ್ಪಿನಷ್ಟೇ ಇರಬೇಕು: 16 ಮೆಗಾಬೈಟ್‌ಗೆ ಸರಿಯಾಗಿ 1,67,77,216 ಬೈಟ್. ಅಸೂಸ್ ಕೊಡುವ, ಹೆಸರು .cap ಎಂದು ಮುಗಿಯುವ ಬಯೋಸ್ ಕಡತ ಅದಕ್ಕಿಂತ 2048 ಬೈಟ್ ಹೆಚ್ಚಿದ್ದರೆ, ಆ ಹೆಚ್ಚುವರಿ ಭಾಗ ಕಡತದ ಆರಂಭದ ತಲೆಬರಹ (ಹೆಡರ್). ಯುಇಎಫ್‌ಐಟೂಲ್ ಎಂಬ ತಂತ್ರಾಂಶದಿಂದ ಅದನ್ನು ಬೇರ್ಪಡಿಸದೆ ಬರೆದರೆ ಬೋರ್ಡ್ ಏಳುವುದೇ ಇಲ್ಲ. ಬರೆದ ಮೇಲೆ ಚಿಪ್ಪಿನಲ್ಲಿರುವುದು ಕಡತಕ್ಕೆ ಹೊಂದುತ್ತದೆಯೇ ಎಂದು ವೆರಿಫೈ ಮಾಡಿ.

ಇನ್ನೊಂದು ಮಾತು. ನೆಟ್‌ವರ್ಕ್‌ನಲ್ಲಿ ಬೋರ್ಡನ್ನು ಗುರುತಿಸುವ ಮ್ಯಾಕ್ ವಿಳಾಸ, ಬೋರ್ಡಿನ ಸೀರಿಯಲ್ ಸಂಖ್ಯೆ ಅನೇಕ ಬೋರ್ಡ್‌ಗಳಲ್ಲಿ ಈ ಚಿಪ್ಪಿನಲ್ಲೇ ಇರುತ್ತವೆ, ತಯಾರಕರ ಕಡತದಲ್ಲಿ ಸಿಗುವುದಿಲ್ಲ. ಬೋರ್ಡ್ ಚೆನ್ನಾಗಿರುವಾಗಲೇ ಚಿಪ್ ಓದಿ ಕಡತ ಉಳಿಸಿಕೊಳ್ಳಿ, ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿ ಮಾತ್ರ ಇಡಬೇಡಿ.