ನೀರುಗಂಟಿಯ ಮೊಮ್ಮಗ ವೆಲೆನ್ಸಿಯಾದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ತಾತ ನಮ್ಮೂರ ಕೆರೆಗೆ ನೀರುಗಂಟಿಯಾಗಿದ್ದ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಒಂದು ಮಾತು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ಸರದಿ ತಪ್ಪಿಸಿದವರನ್ನು ಹಿಡಿಯುವುದು, ಇದೆಲ್ಲ ನೀರುಗಂಟಿಯ ಕೆಲಸ. ಸುಗ್ಗಿ ಮುಗಿದ ಮೇಲೆ ಒಬ್ಬೊಬ್ಬರ ಕಣದಿಂದ ಇಷ್ಟಿಷ್ಟು ಅಂತ ಭತ್ತ ಅಳೆದು ಕೊಡುತ್ತಿದ್ದರು. ಸಂಬಳ ಅಂದರೆ ಅದೇ.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಇವತ್ತು ನಾನು ಮಾತಾಡಬೇಕಾದ್ದು ಸ್ಪೇನ್ ದೇಶದ ವೆಲೆನ್ಸಿಯಾ ಅನ್ನುವ ಊರಿನ ಬಗ್ಗೆ. ಮಗಳು ಅಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್ ತಿಂಗಳಲ್ಲಿ ಅವಳನ್ನು ನೋಡಲು ಹೋಗಿದ್ದೆ. "ಅಪ್ಪ, ಗುರುವಾರ ನಿಮ್ಮನ್ನ ಊರು ಸುತ್ತಿಸ್ತೀನಿ, ಬೇರೆ ದಿನ ಬೇಡ" ಅಂದಳು. ಗುರುವಾರವೇ ಯಾಕೆ ಅಂತ ಕೇಳಿದರೆ ನಕ್ಕಳು, ಅಷ್ಟೆ.

ಬೆಳಗ್ಗೆ ಎಂಟೂವರೆಗೆ ಹೊರಟೆವು. ಮೊದಲು ಸಿಕ್ಕಿದ್ದು ಸೇತುವೆ. ಕಲ್ಲಿನ ಹಳೇ ಸೇತುವೆ, ಅಗಲವಾದ ಕಮಾನುಗಳು. ಬಗ್ಗಿ ನೋಡಿದೆ. ಕೆಳಗೆ ನೀರೇ ಇಲ್ಲ! ಮರಗಳಿವೆ, ಹುಲ್ಲಿದೆ, ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ, ಒಬ್ಬಾಕೆ ನಾಯಿ ಹಿಡಿದುಕೊಂಡು ಓಡುತ್ತಿದ್ದಾಳೆ. ನದಿಯ ಎರಡು ದಡವೂ ಹಾಗೇ ಇವೆ, ಸೇತುವೆಗಳೂ ಇವೆ, ನದಿ ಮಾತ್ರ ಇಲ್ಲ.

ಆ ನದಿಯ ಹೆಸರು ತುರಿಯಾ. 1957ರ ಅಕ್ಟೋಬರ್ 14ರಂದು ಅದು ಉಕ್ಕಿ ಊರೊಳಗೆ ನುಗ್ಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಊರಿನ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ನದಿಯನ್ನೇ ತಿರುಗಿಸಿಬಿಟ್ಟಿತು. ಒಣಗಿದ ಹಳೇ ಪಾತ್ರದಲ್ಲಿ ದೊಡ್ಡ ಹೆದ್ದಾರಿ ಮಾಡಬೇಕು ಅಂತ ಯೋಜನೆಯಿತ್ತು. ಊರಿನವರು ಒಪ್ಪಲಿಲ್ಲ. ಈ ಪಾತ್ರ ನಮ್ಮದು, ನಮಗಿದು ಹಸಿರಾಗಿ ಬೇಕು ಅಂತ ಪಟ್ಟು ಹಿಡಿದರು. 1986ರಲ್ಲಿ ತೋಟದ ಮೊದಲ ಭಾಗ ತೆರೆಯಿತು. ಈಗ ಅದು ಊರ ನಡುವೆ ಸುಮಾರು ಒಂಬತ್ತು ಕಿಲೋಮೀಟರ್ ಉದ್ದ ಹಾಸಿಕೊಂಡಿದೆ.

ನದಿ ತಿರುಗಿಸಿದ್ದರಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2024ರ ಅಕ್ಟೋಬರ್ 29ರ ಮಳೆಯಲ್ಲಿ ಹಳೇ ಊರು ಉಳಿಯಿತು, ಆದರೆ ಹೊಸ ಪಾತ್ರದ ಆಚೆಗಿನ ಊರುಗಳು ಮುಳುಗಿದವು. ಆ ಪ್ರಾಂತ್ಯದಲ್ಲಿ ಸತ್ತವರು ಇನ್ನೂರಕ್ಕೂ ಜಾಸ್ತಿ. ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ನಡೆದೇ ಸೇತುವೆ ದಾಟಿ ಕೆಸರು ಬಾಚಲು ಹೋದರು. ನನ್ನ ಮಗಳೂ ಹೋಗಿದ್ದಳಂತೆ. ಅವತ್ತು ಫೋನಿನಲ್ಲಿ ನನಗೆ ಹೇಳಿರಲಿಲ್ಲ, ಸೇತುವೆ ಮೇಲೆ ನಿಂತಾಗ ಹೇಳಿದಳು.

ಸೇತುವೆ ದಾಟಿದರೆ ಎದುರಿಗೇ ಸೆರ್ರಾನೋಸ್ ಹೆಬ್ಬಾಗಿಲು. ಎರಡು ದಪ್ಪ ಬುರುಜುಗಳು, 1392ರಿಂದ 1398ರವರೆಗೆ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಭಾರೀ ಕೋಟೆ. ಒಳಗೆ ಹೋಗಿ ತಿರುಗಿ ನೋಡಿದರೆ ಊರಿನ ಕಡೆಗೆ ಗೋಡೆಯೇ ಇಲ್ಲ, ಬಾಗಿಲಿಲ್ಲದ ಬೀರುವಿನ ಹಾಗೆ ತೆರೆದುಕೊಂಡಿದೆ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದ ಬೆಲೆಬಾಳುವ ಚಿತ್ರಗಳನ್ನು ತಂದು ಇಲ್ಲಿ ಬಚ್ಚಿಟ್ಟಿದ್ದರು. ಮೇಲಿನಿಂದ ಬಾಂಬು ಬಿದ್ದರೆ ಪೆಟ್ಟು ತಡೆಯಲಿ ಅಂತ ಕಾಂಕ್ರೀಟ್ ಕಮಾನು ಕಟ್ಟಿ, ಅದರ ಮೇಲೆ ಏನು ತುಂಬಿದ್ದರು ಗೊತ್ತಾ? ಭತ್ತದ ಹೊಟ್ಟು! ನಮ್ಮೂರಲ್ಲಿ ಅಕ್ಕಿ ಗಿರಣಿ ಹಿಂದೆ ರಾಶಿ ಬಿದ್ದಿರುತ್ತಲ್ಲ, ಅದೇ.

ಹತ್ತು ಗಂಟೆಗೆ ಹೊಟ್ಟೆ ಚುರುಗುಟ್ಟಿತು. ಆ ಹೊತ್ತಿನ ತಿಂಡಿಗೆ ಅಲ್ಲಿ ಎಸ್ಮೊರ್ಸಾರೆತ್ ಅಂತ ಹೆಸರು. ಹೊಲದಲ್ಲಿ ಬೆಳಗ್ಗೆಯಿಂದ ದುಡಿದವರು ನಡುವೆ ಕೂತು ತಿನ್ನುವ ಬುತ್ತಿಯಿಂದ ಬಂದ ರೂಢಿ. ಈಗ ಆಫೀಸಿನವರೂ ತಿನ್ನುತ್ತಾರೆ. ಮೊಳದುದ್ದದ ಬ್ರೆಡ್ಡು, ಅದರೊಳಗೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟು. ಅದು ಬರುವ ಮೊದಲೇ ಮೇಜಿನ ಮೇಲೆ ಒಂದು ತಟ್ಟೆ ಉಪ್ಪಿನಲ್ಲಿ ನೆನೆಸಿದ ಆಲಿವ್ ಕಾಯಿ, ಒಂದು ತಟ್ಟೆ ಹುರಿದ ಕಡ್ಲೆಕಾಯಿ. ಸಿಪ್ಪೆ ಸಮೇತ! ಪಕ್ಕದ ಮೇಜಿನ ಮುದುಕರಿಬ್ಬರು ಸಿಪ್ಪೆ ಬಿಡಿಸಿ ಅಲ್ಲೇ ಗುಡ್ಡೆ ಹಾಕುತ್ತಾ ಜೋರಾಗಿ ಏನೋ ವಾದ ಮಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಮದ್ದೂರು ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕೂತ ಹಾಗೇ ಇತ್ತು.

ಅಲ್ಲಿಂದ ರೇಷ್ಮೆಯ ಲೋಂಜಾ. ಲೋಂಜಾ ಅಂದರೆ ವ್ಯಾಪಾರಿಗಳ ಸಭಾಂಗಣ. 1482ರ ಸುಮಾರಿಗೆ ಶುರುಮಾಡಿ 1548ರಲ್ಲಿ ಮುಗಿಸಿದರು. ಮುಖ್ಯ ಶಿಲ್ಪಿ ಪೆರೆ ಕೊಂಪ್ತೆ. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದ್ದ ನನಗೆ ಇಲ್ಲಿ ಬಾಯಿ ಕಟ್ಟಿಹೋಯಿತು. ಚಾವಣಿ 17 ಮೀಟರಿಗೂ ಎತ್ತರ, ಅದನ್ನು ಹೊತ್ತ ಕಂಬಗಳೂ ಭಾರೀ ಎತ್ತರ. ಒಂದೊಂದನ್ನೂ ಹಗ್ಗ ಹೊಸೆದ ಹಾಗೆ ತಿರುಚಿದ್ದಾರೆ, ಕಲ್ಲನ್ನು! ಮೇಲಕ್ಕೆ ಹೋದ ಹಾಗೆ ಆ ಎಳೆಗಳು ಬಿಡಿಸಿಕೊಂಡು, ತೆಂಗಿನ ಗರಿ ಬಿಚ್ಚಿದಂತೆ ಚಾವಣಿಗೆ ಹರಡಿಕೊಳ್ಳುತ್ತವೆ. ಕಂಬದ ತಲೆಯ ಮೇಲೆ ಕೂರಿಸುವ ಬೋದಿಗೆಯೇ ಇಲ್ಲ, ಹಾಗಾಗಿ ಕಂಬ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಅಂತ ಹೇಳೋಕೆ ಆಗಲ್ಲ. ಗೋಡೆಯ ಸುತ್ತ ಲ್ಯಾಟಿನ್ ಅಕ್ಷರಗಳ ಪಟ್ಟಿ. ಮಗಳು ಅರ್ಥ ಹೇಳಿದಳು. ಮಾತಿನಲ್ಲಿ ಮೋಸ ಮಾಡದ, ಆಣೆ ಇಟ್ಟು ತಪ್ಪದ, ಬಡ್ಡಿಗೆ ಸಾಲ ಕೊಡದ ವ್ಯಾಪಾರಿಗೆ ಐಶ್ವರ್ಯವೂ ಬರುತ್ತೆ, ಸತ್ತ ಮೇಲೆ ಒಳ್ಳೆಯದೂ ಆಗುತ್ತೆ ಅಂತ ಬರೆದಿದೆಯಂತೆ. ಅದನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಸಬೇಕಾಗಿ ಬಂತು ಅಂದರೆ ಒಳಗೆ ಎಂಥ ವ್ಯಾಪಾರ ನಡೆಯುತ್ತಿತ್ತೋ ಏನೋ!

ಎದುರಿಗೇ 1928ರಲ್ಲಿ ತೆರೆದ ದೊಡ್ಡ ಮಾರುಕಟ್ಟೆ ಇದೆ. ಕಬ್ಬಿಣ, ಗಾಜು, ಬಣ್ಣದ ಹೆಂಚು. ಚಂದವಿದೆ. ಆದರೆ ನಿಲ್ಲಲು ಮಗಳು ಬಿಡಲಿಲ್ಲ. ಗಡಿಯಾರ ನೋಡುತ್ತಾ, "ಅಪ್ಪ, ಬೇಗ ಬೇಗ" ಅಂತ ಎಳೆದುಕೊಂಡು ಹೋದಳು.

ಹನ್ನೆರಡಕ್ಕೆ ಐದು ನಿಮಿಷ. ದೊಡ್ಡ ಇಗರ್ಜಿಯ, ಅಂದರೆ ಚರ್ಚಿನ, ಒಂದು ಬಾಗಿಲ ಮುಂದೆ ಜನ ಸೇರಿದ್ದರು. ಸಾಲಾಗಿ ನಿಂತ ಯೇಸುವಿನ ಶಿಷ್ಯರ ಕಲ್ಲಿನ ಮೂರ್ತಿಗಳು, ಅವುಗಳ ಕೆಳಗೆ ಕಬ್ಬಿಣದ ಬೇಲಿ, ಬೇಲಿಯೊಳಗೆ ಅರ್ಧ ವೃತ್ತವಾಗಿ ಎಂಟು ಕುರ್ಚಿ. ಮರದ ಕುರ್ಚಿಗಳು, ತೊಗಲು ಹೊದಿಸಿದ್ದು. ಗೋಪುರದ ಗಂಟೆ ಹನ್ನೆರಡು ಹೊಡೆಯಿತು. ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ಬಂದು ಕೂತರು. ಅವರಲ್ಲೊಬ್ಬರ ಕೈ ನನಗೆ ಕಾಣುತ್ತಿತ್ತು. ದಪ್ಪ ಬೆರಳು, ಉಗುರಿನ ಸಂದಿಯಲ್ಲಿ ಮಣ್ಣು.

ಅದು ನೀರಿನ ನ್ಯಾಯಮಂಡಳಿ. ತುರಿಯಾ ನದಿಯಿಂದ ಸುತ್ತಲಿನ ಹೊಲಗಳಿಗೆ ನೀರು ಒಯ್ಯುವ ನಾಲೆಗಳಿಗೆ ರೈತರೇ ಆರಿಸಿದ ಎಂಟು ಜನ ಪ್ರತಿನಿಧಿಗಳು. ವಕೀಲರಲ್ಲ, ಅಧಿಕಾರಿಗಳಲ್ಲ, ಅದೇ ನಾಲೆಯ ನೀರಿನಲ್ಲಿ ಬೇಸಾಯ ಮಾಡುವವರು. ಪ್ರತಿ ಗುರುವಾರ ಮಧ್ಯಾಹ್ನ ಇದೇ ಬಾಗಿಲಲ್ಲಿ ಕೂರುತ್ತಾರೆ. ನಾಲೆಗಳನ್ನು ತೋಡಿಸಿದವರು ಅರಬರು. 1238ರಲ್ಲಿ ಹೈಮೆ ಅನ್ನುವ ಕ್ರೈಸ್ತ ರಾಜ ಊರನ್ನು ಮುಸ್ಲಿಮರಿಂದ ಗೆದ್ದುಕೊಂಡಾಗಲೂ ನೀರಿನ ಕಟ್ಟಳೆಯನ್ನು ಮುಂಚೆ ಇದ್ದ ಹಾಗೇ ಬಿಟ್ಟ. ಮಸೀದಿ ಇದ್ದ ಜಾಗದಲ್ಲಿ ಇಗರ್ಜಿ ಬಂತು. ಮುಸ್ಲಿಂ ರೈತರು ಇಗರ್ಜಿಯೊಳಗೆ ಬರುವಂತಿಲ್ಲವಲ್ಲ, ಅದಕ್ಕೇ ಪಂಚಾಯಿತಿ ಬಾಗಿಲಾಚೆಗೆ ಬಂದು ಕೂತಿತು ಅಂತ ಊರಿನವರು ಹೇಳುತ್ತಾರೆ. ಯುನೆಸ್ಕೋ 2009ರಲ್ಲಿ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಬ್ಬ ಕೂಗುಗಾರ ಎದ್ದು ನಿಂತು ಒಂದೊಂದೇ ನಾಲೆಯ ಹೆಸರು ಕೂಗಿದ. ಕ್ವಾರ್ಟ್ ನಾಲೆಯವರಲ್ಲಿ ಯಾರ ಮೇಲೆ ದೂರಿದೆಯೋ ಅವರು ಬನ್ನಿ! ಯಾರೂ ಬರಲಿಲ್ಲ. ಮಿಸ್ಲಾತಾ! ಯಾರೂ ಇಲ್ಲ. ಫವಾರಾ! ಇಲ್ಲ. ಮೆಸ್ತಾಯಾ! ಫುಟ್‌ಬಾಲ್ ನೋಡುವವರಿಗೆ ಆ ಹೆಸರು ಗೊತ್ತಿರುತ್ತೆ, ವೆಲೆನ್ಸಿಯಾ ತಂಡದ ಮೈದಾನ. ಆ ಮೈದಾನಕ್ಕೆ ಹೆಸರು ಬಂದದ್ದು ಈ ನಾಲೆಯಿಂದಲೇ. ಎಲ್ಲ ಹೆಸರೂ ಮುಗಿಯಿತು. ದೂರಿಲ್ಲ. ಎಂಟು ಜನರೂ ಎದ್ದು ಹೊರಟರು. ಐದು ನಿಮಿಷವೂ ಆಗಿರಲಿಲ್ಲ. ಕ್ಯಾಮೆರಾ ಹಿಡಿದು ನಿಂತಿದ್ದ ಪ್ರವಾಸಿಗರಿಗೆ ನಿರಾಸೆ. ನಂಗೆ ಮಾತ್ರ ಮೈ ಜುಮ್ಮೆಂದಿತು.

ದೂರಿದ್ದರೆ ಏನಾಗುತ್ತೆ ಅಂತ ಮಗಳನ್ನು ಕೇಳಿದೆ. ಸರದಿ ಬಿಟ್ಟು ನೀರು ಕದ್ದದ್ದು, ಪಕ್ಕದವನ ಹೊಲಕ್ಕೆ ನೀರು ನುಗ್ಗಿಸಿದ್ದು, ನಾಲೆಯ ಹೂಳು ತೆಗೆಯದೆ ಬಿಟ್ಟದ್ದು, ಇಂಥವೇ ದೂರುಗಳು. ಎಲ್ಲ ಬಾಯಿಮಾತಿನಲ್ಲೇ, ಅವರದೇ ವೆಲೆನ್ಸಿಯನ್ ಭಾಷೆಯಲ್ಲಿ. ಅಧ್ಯಕ್ಷ ಕೈ ತೋರಿಸುವುದಿಲ್ಲ, ಕಾಲ ತುದಿ ಚಾಚಿ ನೀನು ಮಾತಾಡು ಅಂತಾನೆ. ಯಾವ ನಾಲೆಯ ದೂರೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವಂತಿಲ್ಲ. ತೀರ್ಪು ಅಲ್ಲೇ, ಆಗಲೇ. ಮೇಲ್ಮನವಿ ಇಲ್ಲ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಅಲ್ಲಿ ನಾಲೆಗೆ ಇಷ್ಟು ಅಡಿ ನೀರು ಅಂತ ಲೆಕ್ಕವಿಲ್ಲ, ನದಿಯಲ್ಲಿ ಬಂದದ್ದರಲ್ಲಿ ಇಷ್ಟು ಪಾಲು ಅಂತ ಲೆಕ್ಕ. ನದಿ ಸೊರಗಿದರೆ ಎಲ್ಲರ ಪಾಲೂ ಒಟ್ಟಿಗೆ ಸೊರಗುತ್ತೆ. ನಮ್ಮ ಕಾವೇರಿಯ ಸಂಕಷ್ಟ ಸೂತ್ರ ಅಂತ ಪೇಪರಿನಲ್ಲಿ ಓದುತ್ತೀವಲ್ಲ, ಅದು. ನಮ್ಮ ನ್ಯಾಯಮಂಡಳಿ 1990ರಲ್ಲಿ ಕೂತು 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು, ರಾಜ್ಯಗಳ ಜಗಳವೇ ಬೇರೆ, ಗದ್ದೆಯ ಜಗಳವೇ ಬೇರೆ.

ಗದ್ದೆಯ ಜಗಳ ನಾನು ಕಂಡಿದ್ದೇನೆ. ರಾತ್ರಿ ಬದು ಒಡೆದು ನೀರು ತಿರುಗಿಸಿಕೊಂಡವನ ಮೇಲೆ ತಾತ ದೂರು ಹೇಳುತ್ತಿದ್ದ. ಊರ ಮುಂದಿನ ಕಟ್ಟೆಯ ಮೇಲೆ ಯಜಮಾನರು ಕೂತಿರುತ್ತಿದ್ದರು. ತಾತ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕೆಳಗೆ ನಿಂತಿರುತ್ತಿದ್ದ. ಇಡೀ ಊರಿನ ನೀರು ಅವನ ಕೈಯಲ್ಲಿತ್ತು. ಕಟ್ಟೆ ಹತ್ತುವ ಹಕ್ಕು ನಮ್ಮ ಜಾತಿಗೆ ಇರಲಿಲ್ಲ. ಜನ ಚದುರಿದ ಮೇಲೂ ನಾನು ಆ ಎಂಟು ಕುರ್ಚಿಗಳನ್ನು ನೋಡುತ್ತಾ ನಿಂತಿದ್ದೆ. ಇಬ್ಬರು ಬಂದು ಒಂದೊಂದಾಗಿ ಒಳಗೆ ಒಯ್ದರು.

ಊಟದ ವಿಷಯಕ್ಕೆ ಬರೋಣ. ಪಾಯೆಯಾ ಅಂದರೆ ಅಲ್ಲಿನವರು ಪ್ರಾಣ ಬಿಡುತ್ತಾರೆ. ಬಂದ ಮೊದಲ ರಾತ್ರಿ, ಬಣ್ಣದ ಫೋಟೊ ಹಾಕಿದ್ದ ಒಂದು ಹೋಟೆಲಿನಲ್ಲಿ ನಾನೇ ಆಸೆಪಟ್ಟು ತಿಂದಿದ್ದೆ. ಬಿಸಿ ಮಾಡಿದ ತಂಗಳು, ಹಳದಿ ಬಣ್ಣ. ಮಗಳು ತಲೆ ಚಚ್ಚಿಕೊಂಡಳು. "ರಾತ್ರಿ ಯಾರಾದ್ರೂ ತಿಂತಾರಾ ಅಪ್ಪ? ಅದು ಮಧ್ಯಾಹ್ನದ ಊಟ." ಅದಕ್ಕೇ ಅವತ್ತು ಬಸ್ಸು ಹತ್ತಿಸಿ ಎಲ್ ಪಾಲ್ಮಾರ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಬುಫೇರಾ ಅಂತ ದೊಡ್ಡ ಸರೋವರ, ಅದರ ಸುತ್ತ ಭತ್ತದ ಗದ್ದೆ. ಕೊಯ್ಲಿನ ಕಾಲ. ಬಸ್ಸಿನ ಕಿಟಕಿಯಾಚೆ ಹೊಂಬಣ್ಣದ ತೆನೆ ಬಾಗಿ ನಿಂತಿತ್ತು, ಕೊಯ್ದ ಕಡೆ ಬೆಳ್ಳಕ್ಕಿ ಹೆಕ್ಕುತ್ತಿದ್ದವು. ಭತ್ತವನ್ನು ಆ ನಾಡಿಗೆ ತಂದವರೂ ಅರಬರೇ. ಸ್ಪೇನಿನ ಭಾಷೆಯಲ್ಲಿ ಅಕ್ಕಿಗೂ ನಾಲೆಗೂ ಇವತ್ತಿಗೂ ಅರಬ್ಬಿಯಿಂದ ಬಂದ ಹೆಸರೇ.

ಪಾಯೆಯಾ ಅನ್ನುವುದು ಅಸಲಿಗೆ ಬಾಣಲೆಯ ಹೆಸರು. ತಟ್ಟೆಯ ಹಾಗೆ ಅಗಲ, ಆಳ ನಾಲ್ಕು ಬೆರಳೂ ಇಲ್ಲ. ಕಿತ್ತಲೆ ಕಟ್ಟಿಗೆಯ ಉರಿ. ಆಲಿವ್ ಎಣ್ಣೆಯಲ್ಲಿ ಕೋಳಿ, ಮೊಲದ ಮಾಂಸ ಕೆಂಪಗೆ ಹುರಿದು, ಚಪ್ಪಟೆ ಹುರುಳಿಕಾಯಿ, ನಮ್ಮ ಡಬಲ್ ಬೀನ್ಸ್‌ನ ಜಾತಿಯ ಕಾಳು, ಟೊಮೆಟೊ, ಕೇಸರಿ, ನೀರು. ಕುದಿಯುವಾಗ ಅಕ್ಕಿ ಹರಡುತ್ತಾರೆ. ಹರಡಿದ ಮೇಲೆ ಸೌಟು ಆಡಿಸುವಂತಿಲ್ಲ. ಅಕ್ಕಿ ಬೆರಳಗಲವೂ ದಪ್ಪ ಇರಲ್ಲ. ತಳದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕರುಂ ಅನ್ನುವ ಒಂದು ಪದರ ಹಿಡಿಯುತ್ತೆ. ಅದಕ್ಕೆ ಸೊಕರಾತ್ ಅಂತಾರೆ, ಅದಕ್ಕಾಗಿ ಜಗಳ ಆಡುತ್ತಾರೆ. ನಮ್ಮನೆಯಲ್ಲಿ ಅನ್ನ ತಳ ಹಿಡಿದರೆ ಬೈಗುಳ. ಆದರೆ ಆ ಸೀದ ಅನ್ನವನ್ನು ಕೆರೆದು ಮಜ್ಜಿಗೆ ಹಾಕಿಕೊಂಡು ಕದ್ದು ತಿಂದವನು ನಾನು, ಅದರ ರುಚಿ ನನಗೆ ಹೊಸದಲ್ಲ. ಮರದ ಚಮಚದಲ್ಲಿ ಬಾಣಲೆಯಿಂದಲೇ ತಿಂದೆವು, ನಮ್ಮ ನಮ್ಮ ಮುಂದಿನ ಪಾಲು ಮಾತ್ರ, ಗೆರೆ ದಾಟುವಂತಿಲ್ಲ.

ಊರಿಗೆ ಹಿಂತಿರುಗಿದ ಮೇಲೆ ಹೊರ್ಚಾತಾ ಕುಡಿದೆವು. ಹಾಲಿನ ಹಾಗೆ ಕಾಣುತ್ತೆ, ಹಾಲಲ್ಲ. ಚೂಫಾ ಅನ್ನುವ ಸಣ್ಣ ಗಡ್ಡೆಯನ್ನು ನೆನೆಸಿ, ರುಬ್ಬಿ, ಹಿಂಡಿ, ಸಕ್ಕರೆ ಹಾಕಿ ತಣ್ಣಗೆ ಮಾಡಿದ್ದು. ರಾಗಿ ಹಾಲು ತೆಗೆಯುವ ಕೆಲಸವೇ. ಗಡ್ಡೆ ಹೇಗಿರುತ್ತೆ ಅಂತ ಕೇಳಿದೆ, ಅಂಗಡಿಯವನು ಅಂಗೈ ಮೇಲೆ ನಾಲ್ಕು ಹಾಕಿದ. ನೋಡಿದರೆ ಕೊನ್ನಾರಿ ಗಡ್ಡೆಯ ಸೋದರ! ನಾವು ಗದ್ದೆಯಲ್ಲಿ ಶಾಪ ಹಾಕುತ್ತಾ ಕೀಳುವ ಕಳೆಯ ಕುಲದ್ದು. ಅವರು ಅದನ್ನೇ ಅಲ್ಬೊರಾಯಾದ ಹೊಲಗಳಲ್ಲಿ ಸಾಲು ಹೊಡೆದು ಬೆಳೆಯುತ್ತಾರೆ.

ಸಂಜೆ ಒಣ ನದಿಯ ಕೊನೆಗೆ ಹೋದೆವು. ಸಾಂತಿಯಾಗೊ ಕಲಾತ್ರಾವಾ ಎಂಬ ಅದೇ ಊರಿನ ವಾಸ್ತುಶಿಲ್ಪಿ ಬಹುಪಾಲು ಕಟ್ಟಿದ ಕಲೆ ಮತ್ತು ವಿಜ್ಞಾನಗಳ ನಗರ ಅಲ್ಲಿದೆ. ಬಿಳೀ ಬಿಳೀ ಕಟ್ಟಡಗಳು, ಒಂದು ಕಣ್ಣಿನ ಹಾಗೆ, ಒಂದು ದೊಡ್ಡ ಪ್ರಾಣಿಯ ಅಸ್ಥಿಪಂಜರದ ಹಾಗೆ. ಸುತ್ತ ತೆಳುವಾಗಿ ನೀರು ನಿಲ್ಲಿಸಿದ್ದಾರೆ. ಎಲ್ಲರೂ ಹೊಗಳುತ್ತಾರೆ. ನನಗೆ ಅಷ್ಟೇನೂ ಅನ್ನಿಸಲಿಲ್ಲ. ನದಿಯನ್ನು ಕಳಿಸಿಬಿಟ್ಟು, ಅದರ ಜಾಗದಲ್ಲಿ ಮೊಣಕಾಲುದ್ದ ನೀರು ತುಂಬಿಸಿ ಅಂದ ನೋಡುವುದು ಯಾಕೋ ಒಗ್ಗಲಿಲ್ಲ.

ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಎಂಟು ಗಂಟೆ, ನಮ್ಮೂರಲ್ಲಿ ಹನ್ನೊಂದೂವರೆ. ಮಲಗಿರುತ್ತಾನೆ ಅಂದುಕೊಂಡಿದ್ದೆ, ಮೊದಲ ಗಂಟೆಗೇ ಎತ್ತಿದ. ಹಿಂದೆ ಕಪ್ಪೆ ವಟಗುಟ್ಟುತ್ತಿತ್ತು.

"ಎಲ್ಲಿದ್ದೀಯೋ?" ಅಂದೆ.

"ಗದ್ದೆ ಬದಿನ ಮೇಲೆ ಕೂತಿವ್ನಿ ಕಣಣ್ಣ. ಇವತ್ತು ನೀರು ಬಿಟ್ಟವ್ರೆ. ಮೇಲ್ಗಡೆಯವ್ರು ಕಟ್ಕೊಂಬಿಟ್ಟವ್ರೆ, ನಮ್ ಸರದಿ ಇನ್ನೂ ಬಂದಿಲ್ಲ."

ನಮಸ್ಕಾರ.