ಹೃದಯ ಕವಾಟದ ಸೋಂಕು: ಔಷಧ ಎಲ್ಲಿಯವರೆಗೆ, ಶಸ್ತ್ರಚಿಕಿತ್ಸೆ ಯಾವಾಗ

ಆತ್ಮೀಯರೇ,

“ಮೊದಲು ಜ್ವರ ಇಳಿಯಲಿ, ಸೋಂಕು ಪೂರ್ತಿ ಹೋಗಲಿ, ಆಮೇಲೆ ಆಪರೇಷನ್ ವಿಚಾರ ನೋಡೋಣ.” ಹೃದಯದ ಕವಾಟಕ್ಕೆ ಸೋಂಕು ತಗುಲಿದವರ ಮನೆಯವರು ಹೀಗೆ ಹೇಳುವುದು ಸಹಜ. ವೈದ್ಯರಾದ ನಾವೂ ಹಲವು ಸಲ ಹೀಗೆಯೇ ಹೇಳುತ್ತೇವೆ. ಕೇಳುವುದಕ್ಕೆ ವಿವೇಕದ ಮಾತು. ಆದರೆ ಈ ಕಾಯಿಲೆಯಲ್ಲಿ ಆ ಮಾತನ್ನು ನಂಬಿ ಕುಳಿತರೆ ಕೈಯಲ್ಲಿದ್ದ ಸಮಯವೆಲ್ಲ ಸೋರಿಹೋಗಬಹುದು. ಇಂದಿನ ನನ್ನ ಮಾತೆಲ್ಲ ಆ ಸಮಯದ ಬಗ್ಗೆ.

ಈ ಸೋಂಕನ್ನು ಎಂಡೋಕಾರ್ಡೈಟಿಸ್ ಎನ್ನುತ್ತೇವೆ. ಅದರಲ್ಲಿ ಏನಾಗಿರುತ್ತದೆ? ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ನೆಲೆಯೂರುತ್ತದೆ. ಅದರ ಸುತ್ತ ರಕ್ತ ಹೆಪ್ಪುಗಟ್ಟಲು ನೆರವಾಗುವ ಫೈಬ್ರಿನ್ ಮತ್ತು ಪ್ಲೇಟ್‌ಲೆಟ್‌ಗಳು ಪದರ ಪದರವಾಗಿ ಕೂಡಿಕೊಂಡು ಸಣ್ಣ ಗಡ್ಡೆ ಬೆಳೆಯುತ್ತದೆ. ಅದನ್ನು ವೆಜಿಟೇಶನ್ ಎನ್ನುತ್ತೇವೆ. ಕವಾಟದ ತೆಳುವಾದ ಎಸಳುಗಳಲ್ಲಿ ರಕ್ತನಾಳಗಳಿಲ್ಲವೆಂದೇ ಹೇಳಬೇಕು. ಆದ್ದರಿಂದ ಬಿಳಿ ರಕ್ತಕಣಗಳು ಗಡ್ಡೆಯ ಒಳಗೆ ಸುಲಭವಾಗಿ ನುಗ್ಗಲಾರವು. ಒಳಗಿನ ಬ್ಯಾಕ್ಟೀರಿಯಾ ಒತ್ತೊತ್ತಾಗಿ, ಬಹಳ ನಿಧಾನವಾಗಿ ಬದುಕುತ್ತಿರುತ್ತದೆ, ಮತ್ತು ಅನೇಕ ಆಂಟಿಬಯಾಟಿಕ್‌ಗಳು ಚುರುಕಾಗಿ ವೃದ್ಧಿಯಾಗುವ ಬ್ಯಾಕ್ಟೀರಿಯಾವನ್ನೇ ಚೆನ್ನಾಗಿ ಕೊಲ್ಲುತ್ತವೆ. ಗಂಟಲಿನ ಸೋಂಕಿಗೆ ಕೆಲವು ದಿನಗಳ ಮಾತ್ರೆ ಸಾಕು. ಇಲ್ಲಿ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧ ಬೇಕಾಗುವುದು ಇದಕ್ಕಾಗಿ.

ಔಷಧದ ಮಹತ್ವವನ್ನು ಕಿಂಚಿತ್ತೂ ಕಡಿಮೆ ಮಾಡಿ ಹೇಳುತ್ತಿಲ್ಲ. ಮೊದಲೇ ಕವಾಟದ ದೋಷವಿದ್ದ ಸಂಗೀತಗಾರ ಗುಸ್ತಾವ್ ಮಾಹ್ಲರ್ ಅವರ ರಕ್ತದಲ್ಲಿ ಸ್ಟ್ರೆಪ್ಟೋಕಾಕಸ್ ಪತ್ತೆಯಾಗಿತ್ತು. ಕಾಯಿಲೆ ಯಾವುದೆಂದು ವೈದ್ಯರಿಗೆ ಖಚಿತವಾಗಿ ಗೊತ್ತಿತ್ತು, ಕೊಡಲು ಕೈಯಲ್ಲಿ ಏನೂ ಇರಲಿಲ್ಲ. 1911ರ ಮೇ ತಿಂಗಳಲ್ಲಿ, 50ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪೆನಿಸಿಲಿನ್ ಬರುವವರೆಗೆ ಬಹುಪಾಲು ಎಲ್ಲ ರೋಗಿಗಳ ಗತಿಯೂ ಅದೇ ಆಗಿತ್ತು. ಇಂದು ಔಷಧದಿಂದಲೇ ಗುಣವಾಗಿ ಮನೆಗೆ ಹೋಗುವವರು ಬಹಳ ಮಂದಿ ಇದ್ದಾರೆ.

ಹಾಗಾದರೆ ಕತ್ತರಿ ಏಕೆ? ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹರಿದುಹೋದ ಕವಾಟವನ್ನು ಹೊಲಿಯುವುದಿಲ್ಲ. ಹರಿದ ಬಟ್ಟೆಯನ್ನು ಎಷ್ಟು ಶುಭ್ರವಾಗಿ ಒಗೆದರೂ ಅದು ಹರಿದ ಬಟ್ಟೆಯೇ.

ಶಸ್ತ್ರಚಿಕಿತ್ಸೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹೃದಯ ವೈಫಲ್ಯ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸೋರುವ ಕವಾಟಕ್ಕೆ ಹೃದಯ ಹಿಗ್ಗಿ ಹೊಂದಿಕೊಳ್ಳುತ್ತದೆ. ಸೋಂಕು ಮಹಾಪಧಮನಿಯ ಕವಾಟವನ್ನು ಕೆಲವೇ ದಿನಗಳಲ್ಲಿ ತಿಂದುಹಾಕಿದಾಗ ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಗೆ ಆ ಬಿಡುವು ಸಿಗುವುದಿಲ್ಲ. ಹಿಂದಕ್ಕೆ ಬಂದ ರಕ್ತದ ಒತ್ತಡ ಶ್ವಾಸಕೋಶಕ್ಕೆ ಏರುತ್ತದೆ. ಹೆಚ್ಚು ಭಯ ಹುಟ್ಟಿಸುವ ಸಂಗತಿಯೆಂದರೆ, ಇಂಥ ತೀವ್ರ ಸೋರಿಕೆಯಲ್ಲಿ ಸ್ಟೆತೋಸ್ಕೋಪ್‌ಗೆ ಕೇಳುವ ಮರ್ಮರ ಶಬ್ದ ಚಿಕ್ಕದಾಗಿ, ಮೆತ್ತಗಾಗಿ ಇರಬಹುದು. ಶಬ್ದ ಜೋರಾಗಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ರೋಗಿ ಮಲಗಲಾರದೆ ಎದ್ದು ಕುಳಿತು ಏದುಸಿರು ಬಿಡುತ್ತಿರುತ್ತಾನೆ. ಆ ಹೊತ್ತಿನಲ್ಲಿ ಜ್ವರ ಇಳಿಯಲೆಂದು ಮೀನಮೇಷ ಎಣಿಸುವುದು ನನ್ನ ಮಟ್ಟಿಗೆ ಅಕ್ಷಮ್ಯ.

ಎರಡನೆಯದು, ಔಷಧಕ್ಕೆ ಬಗ್ಗದ ಸೋಂಕು. ಕವಾಟದ ಬುಡದಲ್ಲಿ ಕೀವು ಕಟ್ಟಿದರೆ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮಹಾಪಧಮನಿಯ ಕವಾಟದ ಪಕ್ಕದಲ್ಲೇ ಹೃದಯದ ವಿದ್ಯುತ್ ಸಂಕೇತ ಹಾದುಹೋಗುವ ದಾರಿಯಿದೆ. ಆದ್ದರಿಂದ ದಿನನಿತ್ಯದ ಇಸಿಜಿಯಲ್ಲಿ ಪಿಆರ್ ಅಂತರ (ಆ ಸಂಕೇತ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ತಲುಪಲು ಹಿಡಿಯುವ ಸಮಯ) ಹೊಸದಾಗಿ ಉದ್ದವಾದರೆ, ಕೀವು ಆ ದಾರಿಯನ್ನು ಮುಟ್ಟಿರಬಹುದು ಎಂದೇ ತಿಳಿಯಬೇಕು. ಅಷ್ಟು ಅಗ್ಗದ, ಅಷ್ಟು ಸರಳ ಪರೀಕ್ಷೆಯನ್ನು ದಿನವೂ ಮಾಡದೆ ಬಿಡಬೇಡಿ ಎಂದು ಕಿರಿಯ ವೈದ್ಯರನ್ನು ಕೈಮುಗಿದು ಕೇಳುತ್ತೇನೆ. ಶಿಲೀಂಧ್ರದ ಸೋಂಕಿದ್ದರೂ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಮೂರನೆಯದು, ಗಡ್ಡೆಯ ಚೂರು ಕಳಚಿ ಮಿದುಳಿಗೆ ಹೋಗುವ ಅಪಾಯ. ವಾದವಿರುವುದು ಇಲ್ಲಿ. ಸರಿಯಾದ ಔಷಧ ಆರಂಭವಾದ ಮೇಲೆ ಈ ಅಪಾಯ ಮೊದಲ ಎರಡು ವಾರಗಳಲ್ಲಿ ಬಹಳಷ್ಟು ತಗ್ಗುತ್ತದೆ. ಅಂದರೆ ಚೂರು ಹಾರುವುದನ್ನು ತಡೆಯಲೆಂದು ಶಸ್ತ್ರಚಿಕಿತ್ಸೆ ಮಾಡುವುದಾದರೆ ಆರಂಭದಲ್ಲೇ ಮಾಡಬೇಕು. ದಕ್ಷಿಣ ಕೊರಿಯಾದ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕವಾಟ ತೀವ್ರವಾಗಿ ಕೆಟ್ಟಿದ್ದ, 10 ಮಿಲಿಮೀಟರಿಗಿಂತ ದೊಡ್ಡ ಗಡ್ಡೆಯಿದ್ದ 76 ರೋಗಿಗಳಿದ್ದರು. 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದ 37 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಯಲ್ಲಿ ಸಾವು ಅಥವಾ 6 ವಾರದೊಳಗೆ ಚೂರು ಹಾರಿದ ತೊಂದರೆ ಆಯಿತು. ಎಂದಿನ ಚಿಕಿತ್ಸೆಯ 39 ಮಂದಿಯಲ್ಲಿ 9 ಜನರಿಗೆ. ಆದರೆ 6 ತಿಂಗಳ ಕೊನೆಗೆ ಸಾವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ರೋಗಿಗಳು ಅಷ್ಟೊಂದು ಜರ್ಝರಿತರಾದವರೂ ಅಲ್ಲ. ಎಲ್ಲರಿಗೂ ಅದನ್ನೇ ಅನ್ವಯಿಸಲಾಗದು. ಆದರೂ ಅದು ನನ್ನನ್ನು ಕಾಡಿದ್ದುಂಟು: ಎಂದಿನ ಚಿಕಿತ್ಸೆಯ ಗುಂಪಿನಲ್ಲೂ 30 ಮಂದಿಗೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು.

“ಸೋಂಕಿರುವ ಜಾಗದಲ್ಲಿ ಹೊಸ ಕವಾಟ ಕೂರಿಸಿದರೆ ಅದಕ್ಕೂ ಸೋಂಕು ಹತ್ತುವುದಿಲ್ಲವೇ?” ಎಂದು ಎಲ್ಲ ಮನೆಯವರೂ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ, ಸೋಂಕು ಇನ್ನೂ ಸಕ್ರಿಯವಾಗಿದ್ದಾಗಲೇ ಕವಾಟ ಬದಲಿಸಿ ರೋಗಿಯನ್ನು ಉಳಿಸಿದ್ದನ್ನು ವರದಿ ಮಾಡಿತು. ಕೆಟ್ಟ ಅಂಗಾಂಶವನ್ನು ಪೂರ್ತಿ ತೆಗೆದು, ಔಷಧ ಮುಂದುವರಿಸಿದರೆ ಹೊಸ ಕವಾಟಕ್ಕೆ ಸೋಂಕು ಮರಳುವ ಸಾಧ್ಯತೆ ಕಡಿಮೆ ಎಂಬುದು ಅಲ್ಲಿಂದಾಚೆಗಿನ ಅನುಭವ.

ನಿಜಕ್ಕೂ ಕಾಯಬೇಕಾದ ಸಂದರ್ಭವೂ ಇದೆ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಅದನ್ನು ಹೆಚ್ಚಿಸಬಹುದು. ಸಾಧ್ಯವಾದರೆ ಸುಮಾರು 4 ವಾರ ತಡೆಯುತ್ತೇವೆ. ಬಲಗಡೆಯ ಟ್ರೈಕಸ್ಪಿಡ್ ಕವಾಟದ ಸೋಂಕು ಬಹುತೇಕ ಔಷಧಕ್ಕೇ ಬಗ್ಗುತ್ತದೆ. ಎಡಭಾಗದ ಸೋಂಕಿನಲ್ಲೂ ಸ್ಥಿತಿ ಸ್ಥಿರವಾದ ಆಯ್ದ ರೋಗಿಗಳಿಗೆ, ಮೊದಲ ಹಂತದ ಚುಚ್ಚುಮದ್ದಿನ ನಂತರ ಉಳಿದ ಔಷಧವನ್ನು ಮಾತ್ರೆಯಲ್ಲೇ ಕೊಡಬಹುದೆಂದು ಡೆನ್ಮಾರ್ಕಿನಲ್ಲಿ 400 ಮಂದಿಯ ಮೇಲೆ ನಡೆದ ಅಧ್ಯಯನ ತೋರಿಸಿದೆ.

ಹಾಗಾಗಿ ರೋಗ ಪತ್ತೆಯಾದ ಮೊದಲ ದಿನವೇ ಹೃದಯ ಶಸ್ತ್ರಚಿಕಿತ್ಸಕರು ರೋಗಿಯನ್ನು ನೋಡಿರಬೇಕೆಂದು ಒತ್ತಾಯಿಸುತ್ತೇನೆ. ಅವರು ಅಂದೇ ಕತ್ತರಿ ಹಿಡಿಯಬೇಕಾಗಿಲ್ಲ. ಹದಗೆಟ್ಟ ರಾತ್ರಿ ಮೊದಲ ಸಲ ಕರೆಸಿಕೊಳ್ಳುವಂತಾಗಬಾರದು. ಶಸ್ತ್ರಚಿಕಿತ್ಸೆಯ ನಂತರವೂ ಔಷಧ ನಿಲ್ಲುವುದಿಲ್ಲ. ತೆಗೆದ ಕವಾಟವನ್ನು ಕಲ್ಚರ್‌ಗೆ ಕಳುಹಿಸುತ್ತೇವೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೆ, ಸರಿಯಾದ ಔಷಧ ಆರಂಭವಾದ ದಿನದಿಂದಲೇ ವಾರಗಳ ಲೆಕ್ಕ. ಬೆಳೆದರೆ, ಶಸ್ತ್ರಚಿಕಿತ್ಸೆಯಾದ ದಿನದಿಂದ ಮತ್ತೆ ಒಂದರಿಂದ ಎಣಿಸಲು ಆರಂಭಿಸುತ್ತೇವೆ.